"ನೂರು ವರ್ಷದ ವಜ್ರದ ಪದಕ" ಎಂದರೆ ನಂಬಿ ದುಡ್ಡು ಕೊಡಬೇಡಿ

ಮಗಳ ಮದುವೆಗೆಂದು ಹೋದ ತಿಂಗಳು ಮಂಗಳೂರಿನಲ್ಲಿ ಒಂದು ಸರ ತೆಗೆದುಕೊಂಡೆ. ಅಂಗಡಿಯಲ್ಲಲ್ಲ. ಪರಿಚಯದವರ ಮೂಲಕ ಒಬ್ಬರು ಮನೆಗೇ ತಂದು ತೋರಿಸಿದ್ದು. ಪದಕದಲ್ಲಿ ಎರಡು ನವಿಲು, ನಡುವೆ ತಾವರೆ, ಸುತ್ತ ಬಿಳಿ ಹರಳು. ತಿರುಗಿಸಿದರೆ ಹಿಂಬದಿಗೆ ಕೆಂಪು, ಹಸಿರು ಮೀನಾಕಾರಿ ಬಣ್ಣದ ಕೆಲಸ. ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತು.

"ಅಕ್ಕ, ನೂರು ವರ್ಷದ ಮಾಲು. ಎಲ್ಲ ವಜ್ರ" ಎಂದರು. ಪೆನ್ನಿನಂಥ ಮೆಷಿನ್ ತೆಗೆದು ಹರಳಿಗೆ ಮುಟ್ಟಿಸಿದರು. ಪೀಂ ಎಂದಿತು. ಹಾಲ್‌ಮಾರ್ಕ್ ಕೇಳಿದೆ. "ಕುಂದನ್ ಕೆಲಸಕ್ಕೆ ಅದು ಬೇಡ" ಎಂದರು. ಅದು ನಿಜವೇ. ಕುಂದನ್, ಪೋಲ್ಕಿ, ಜಡಾವು ಎಂಬ ಹಳೆ ಶೈಲಿಯ ಹರಳು ಕೂರಿಸಿದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ. ಇದ್ದರೂ ಅದು ಹೇಳುವುದು ಚಿನ್ನದ ವಿಷಯ, ಹರಳಿನದ್ದಲ್ಲ. 3 ಲಕ್ಷ 80 ಸಾವಿರ ಕೊಟ್ಟೆ.

ಕೊಕ್ಕೆ ಸಡಿಲ ಇತ್ತು. ಸರಿ ಮಾಡಿಸಲು ಉಡುಪಿಯಲ್ಲಿ ಚಿನ್ನದ ಕೆಲಸ ಮಾಡುವ ನಮ್ಮ ಹಳೆಯ ಆಚಾರ್ಯರ ಹತ್ತಿರ ಹೋದೆ. ಅವರು ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಮಾತೇ ಇಲ್ಲ. ಆಮೇಲೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, "ಸ್ವಲ್ಪ ಓರೆ ಮಾಡಿ ನೋಡಿ ಮಾರಾಯ್ರೆ" ಎಂದರು. ಹರಳಿನ ಒಳಗಿನ ಗೆರೆಗಳು ಎರಡೆರಡಾಗಿ ಕಾಣುತ್ತಿದ್ದವು. ವಜ್ರದಲ್ಲಿ ಹಾಗೆ ಕಾಣುವುದಿಲ್ಲ. ಇದು ಮಾಯ್ಸನೈಟ್, ವಜ್ರದ ಹಾಗೇ ಕಾಣುವ ಬೇರೆ ಹರಳು.

ಆ ಪೆನ್ನು ನೋಡುವುದು ಹರಳಿನಲ್ಲಿ ಶಾಖ ಎಷ್ಟು ಬೇಗ ಹರಿಯುತ್ತದೆ ಎಂದು ಮಾತ್ರ. ಮಾಯ್ಸನೈಟ್ ಅದರಲ್ಲಿ ವಜ್ರದ ಹತ್ತಿರಕ್ಕೇ ಬರುತ್ತದೆ, ಹಾಗಾಗಿ ಪೆನ್ನು ಪೀಂ ಎನ್ನುತ್ತದೆ. ಈ ಹರಳು ಒಡವೆಗೆಂದು ಮಾರಾಟಕ್ಕೆ ಬಂದದ್ದೇ 1990ರ ದಶಕದ ಕೊನೆಗೆ. ನೂರು ವರ್ಷದ ಸರಕ್ಕೆ ಅದು ಎಲ್ಲಿಂದ ಬರಬೇಕು? ಕೈಯಲ್ಲಿ ಸಾಣೆ ಹಿಡಿದ ಹಳೆಯ ವಜ್ರಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಇವೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದ್ದವು. ಪದಕದ ಒಳಗೆ ಅರಗು ಬೇರೆ. ಅದರ ತೂಕಕ್ಕೂ ಚಿನ್ನದ ರೇಟು ಹಾಕಿದ್ದರು.

ಮನೆಗೆ ಬಂದು ಚೀಟಿ ತೆಗೆದು ನೋಡಿದೆ. "ಹಳೆ ನೆಕ್ಲೆಸ್ 1" ಅಷ್ಟೇ. ವಜ್ರ ಎಂಬ ಪದವೇ ಇಲ್ಲ! ಫೋನ್ ಮಾಡಿದರೆ, "ನನಗೂ ಹಾಗೇ ಹೇಳಿ ಕೊಟ್ಟದ್ದು" ಎಂದು ಇಟ್ಟುಬಿಟ್ಟರು.

ದಯವಿಟ್ಟು ಮೊದಲು ಲ್ಯಾಬ್ ಸರ್ಟಿಫಿಕೇಟ್ ಕೇಳಿ, ಆಮೇಲೆ ದುಡ್ಡಿನ ಮಾತು. ವಜ್ರ ಎಷ್ಟು ಕ್ಯಾರೆಟ್, ಹರಳು, ಅರಗು ಬಿಟ್ಟು ಚಿನ್ನ ಎಷ್ಟು ಗ್ರಾಂ, ಎಲ್ಲ ಬಿಲ್ಲಿನಲ್ಲಿ ಬರೆಸಿ. ಒಂದು ದಿನ ಲ್ಯಾಬಿಗೆ ಕಳಿಸಲು ಒಪ್ಪದಿದ್ದರೆ ಸುಮ್ನೆ ವಾಪಸ್ ಕೊಟ್ಟುಬಿಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ಆ ದಿನ ಅವರ ಪೆಟ್ಟಿಗೆಯಲ್ಲಿ ಇದೇ ಥರದ ನವಿಲಿನ ಪದಕ ಇನ್ನೂ ಎರಡು ಇದ್ದವು.