ಇನೋರೀಡರ್ ಜೊತೆ ಹನ್ನೆರಡು ವರ್ಷ: ಅಪರೂಪಕ್ಕೆ ಬರೆಯುವವರನ್ನು ಕಳೆದುಕೊಳ್ಳದ ಬಗೆ

ಮೊದಲೇ ಹೇಳಿಬಿಡುತ್ತೇನೆ, ಈ ಬರಹದಲ್ಲಿ ಆರ್‌ಎಸ್‌ಎಸ್ ಅಂದರೆ ನೀವು ಅಂದುಕೊಂಡದ್ದಲ್ಲ. ಒಮ್ಮೆ ಊರಿನ ಮನೆಯ ಜಗಲಿಯಲ್ಲಿ ಕೂತು, "ನಾನು ಬೆಳಿಗ್ಗೆ ಆರ್‌ಎಸ್‌ಎಸ್ ನೋಡದೆ ಕಾಫಿ ಕುಡಿಯಲ್ಲ" ಅಂದಿದ್ದೆ. ಚಿಕ್ಕಪ್ಪ ಪೇಪರ್ ಕೆಳಗಿಟ್ಟು, "ಹೌದೇನೋ? ಯಾವ ಶಾಖೆ?" ಅಂತ ಕೇಳಿದರು. ಅವತ್ತಿನಿಂದ ನಾನು 'ಫೀಡ್' ಅಂತಲೇ ಹೇಳುತ್ತೇನೆ. ಕನ್ನಡದಲ್ಲಿ ಇದರ ಬಗ್ಗೆ ಹುಡುಕಲು ಹೋದರೂ ಅದೇ ಕತೆ. ಬರುವುದೆಲ್ಲ ಪಥಸಂಚಲನದ ಸುದ್ದಿ.

ಫೀಡ್ ಅಂದರೆ ದೊಡ್ಡ ವಿಷಯವೇನಲ್ಲ. ಒಂದು ಬ್ಲಾಗ್ ತನ್ನ ಹೊಸ ಬರಹಗಳ ತಲೆಬರಹ, ತಾರೀಕು, ಲಿಂಕ್, ಕೆಲವೊಮ್ಮೆ ಇಡೀ ಬರಹವನ್ನೇ ಒಂದು ಸಾದಾ ಫೈಲಿನಲ್ಲಿ ಇಟ್ಟಿರುತ್ತದೆ. ರೀಡರ್ ಅನ್ನುವ ತಂತ್ರಾಂಶ ಆಗಾಗ ಹೋಗಿ ಆ ಫೈಲನ್ನು ನೋಡಿ ಬರುತ್ತದೆ. ಇನೋರೀಡರ್ ಅಂಥದ್ದೇ ಒಂದು. ನಾವು ನೂರು ಮನೆ ಬಾಗಿಲು ತಟ್ಟುವ ಬದಲು ಅದು ತಟ್ಟಿ ಬಂದು, "ಈ ಎರಡು ಮನೆಯಲ್ಲಿ ಹೊಸದಿದೆ" ಅನ್ನುತ್ತದೆ. ಅಷ್ಟೇ. 1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಇದರ ಮೊದಲ ರೂಪ ಬಂತು. ಅದನ್ನು ಕಟ್ಟಿದವರಲ್ಲಿ ಒಬ್ಬರು ರಾಮನಾಥನ್ ಗುಹಾ, ಮದರಾಸಿನ ಐಐಟಿಯಲ್ಲಿ ಓದಿದವರು. ಇವತ್ತು ನೀವು ಪಾಡ್‌ಕಾಸ್ಟ್ ಕೇಳುತ್ತೀರಲ್ಲ, ಅದರ ಹೊಸ ಕಂತು ನಿಮ್ಮ ಫೋನಿಗೆ ಬರುವುದೂ ಇದೇ ಕೊಳವೆಯಲ್ಲಿ.

ನಾನು ಶುರು ಮಾಡಿದ್ದು 2007ರಲ್ಲಿ. ಆಗ ಬ್ಲಾಗ್‌ಸ್ಪಾಟಿನಲ್ಲಿ ಕನ್ನಡದವರ ಜಾತ್ರೆ. ಹಾಸ್ಟೆಲ್ಲಿನ ಹುಡುಗರು, ಅಮೆರಿಕದಲ್ಲಿ ಕೂತ ಎಂಜಿನಿಯರುಗಳು, ಮಲೆನಾಡಿನ ಮೇಷ್ಟ್ರುಗಳು, ಎಲ್ಲರೂ ಬರೆಯುತ್ತಿದ್ದರು. ನಾನು ಸುಮಾರು ಅರವತ್ತು ಬ್ಲಾಗುಗಳನ್ನು ಗೂಗಲ್ ರೀಡರಿಗೆ ಹಾಕಿಕೊಂಡೆ. ಗೂಗಲ್ ಅದನ್ನು ಮುಚ್ಚುತ್ತೇವೆಂದು 2013ರ ಮಾರ್ಚ್ 13ಕ್ಕೆ ಹೇಳಿತು. ಜುಲೈ 1ಕ್ಕೆ ಮುಚ್ಚಿತು. ಮೂರೂವರೆ ತಿಂಗಳು ಸಮಯ ಕೊಟ್ಟಿದ್ದರು, ಪಟ್ಟಿಯನ್ನು ಫೈಲಾಗಿ ಇಳಿಸಿಕೊಳ್ಳಲು ದಾರಿಯೂ ಇತ್ತು. ಇಳಿಸಿಕೊಂಡೆ.

ಆಮೇಲೆ ಹೋದದ್ದು ಒಂದು ಸಣ್ಣ ರೀಡರಿಗೆ. ಹೆಸರು ಬೇಡ. ನಾಲ್ಕು ತಿಂಗಳು ಚೆನ್ನಾಗಿಯೇ ಇತ್ತು. ಒಂದು ಸೋಮವಾರ ತೆರೆದರೆ ಖಾಲಿ ಪುಟ. ಇಮೇಲಿಲ್ಲ, ವಿದಾಯವಿಲ್ಲ. ನನ್ನ ಹತ್ತಿರ ಹಳೆಯ ಫೈಲ್ ಇದ್ದುದರಿಂದ ಪಟ್ಟಿ ಉಳಿಯಿತು. ಆದರೆ ಆಮೇಲೆ ಓದೋಣ ಅಂತ ನಕ್ಷತ್ರ ಹಾಕಿಟ್ಟಿದ್ದ ಬರಹಗಳೆಲ್ಲ ಹೋದವು. ಪಟ್ಟಿಯ ಈ ಫೈಲಿಗೆ ಒಪಿಎಂಎಲ್ ಅನ್ನುತ್ತಾರೆ. ಅದರಲ್ಲಿ ಇರುವುದು ಫೀಡುಗಳ ಹೆಸರು, ವಿಳಾಸ, ಯಾವುದು ಯಾವ ಫೋಲ್ಡರಿನಲ್ಲಿದೆ ಅನ್ನುವುದು ಮಾತ್ರ. ಏನು ಓದಿದಿರಿ, ಏನು ಇಟ್ಟುಕೊಂಡಿರಿ ಅನ್ನುವುದು ಅದರಲ್ಲಿ ಬರುವುದಿಲ್ಲ. ಅದಕ್ಕೇ ಈಗ ಇಷ್ಟವಾದದ್ದನ್ನು ನಕ್ಷತ್ರಕ್ಕೆ ನಂಬಿ ಬಿಡುವುದಿಲ್ಲ, ನನ್ನದೇ ಒಂದು ಕಡತಕ್ಕೆ ಹಾಕಿಕೊಳ್ಳುತ್ತೇನೆ.

ಅದೇ ವರ್ಷ ಬಲ್ಗೇರಿಯಾದ ಸೋಫಿಯಾದಿಂದ ಇನೋರೀಡರ್ ಶುರುವಾಗಿತ್ತು. ಫೈಲ್ ಹಾಕಿದೆ, ಫೋಲ್ಡರುಗಳ ಸಮೇತ ಎಲ್ಲ ಬಂದು ಕೂತವು. ಆಮೇಲೆ ಕದಲಿಲ್ಲ.

ಆದರೆ ಮೊದಲ ವರ್ಷ ನಾನು ಇದನ್ನು ಸರಿಯಾಗಿ ಬಳಸಲಿಲ್ಲ. ಹೊಸಬರು ಮಾಡುವ ತಪ್ಪನ್ನೇ ಮಾಡಿದೆ. ರೀಡರ್ ಅಂದಮೇಲೆ ಸುದ್ದಿ ಓದಬೇಕು ಅಲ್ವಾ ಅಂತ ನಾಲ್ಕು ದೊಡ್ಡ ಸುದ್ದಿತಾಣಗಳ ಫೀಡ್ ಸೇರಿಸಿದೆ. ದಿನಕ್ಕೆ ನೂರಾರು ತಲೆಬರಹ ಬಂದು ಬೀಳತೊಡಗಿದವು. ವಾರದಲ್ಲಿ ಬಾಕಿ ಸಾವಿರ ದಾಟಿತು. ಆ ಸಂಖ್ಯೆ ನೋಡಿದರೆ ಕಟ್ಟದ ಸಾಲದ ಹಾಗೆ ಅನ್ನಿಸುತ್ತಿತ್ತು. ಕೊನೆಗೆ 'ಎಲ್ಲ ಓದಿದೆ' ಅನ್ನುವ ಗುಂಡಿ ಒತ್ತುವುದೇ ಅಭ್ಯಾಸವಾಯಿತು. ಆ ಗುಂಡಿಯ ಜೊತೆಗೆ, ಮೂರು ತಿಂಗಳಿಗೊಮ್ಮೆ ಬರೆಯುವವರ ಬರಹವೂ ಗುಡಿಸಿಕೊಂಡು ಹೋಗುತ್ತಿತ್ತು. ಅದು ಗೊತ್ತಾದದ್ದು, ನನ್ನ ಇಷ್ಟದ ಬ್ಲಾಗೊಂದರ ದೀಪಾವಳಿಯ ಬರಹವನ್ನು ಸಂಕ್ರಾಂತಿಗೆ ಕಂಡಾಗ.

ಸುದ್ದಿಯ ಫೀಡುಗಳನ್ನು ಅವತ್ತೇ ತೆಗೆದೆ. ಸುದ್ದಿ ಹೇಗಿದ್ದರೂ ಕಿವಿಗೆ ಬೀಳುತ್ತದೆ. ಪೇಪರಿದೆ, ಟೀವಿ ಇದೆ, ವಾಟ್ಸ್ಆ್ಯಪಿನ ಮಾವಂದಿರಿದ್ದಾರೆ. ಆದರೆ ವರ್ಷಕ್ಕೆ ಎರಡು ಸಲ ಬರೆಯುವವರು ಬರೆದರು ಅಂತ ನಮಗೆ ಯಾರು ಹೇಳುತ್ತಾರೆ? ಫೀಡ್ ಇರುವುದು ಅವರಿಗಾಗಿ. ಈಗ ನನ್ನ ಪಟ್ಟಿಯಲ್ಲಿ ಮೂರೇ ಫೋಲ್ಡರ್. ಮೇಲೆ 'ಅಪರೂಪ', ಅದರ ಕೆಳಗೆ 'ಆಗಾಗ', ಕೊನೆಗೆ 'ವಿಡಿಯೊ'. ಸಮಯವಿಲ್ಲದ ದಿನ ಮೊದಲನೆಯದನ್ನು ಮಾತ್ರ ನೋಡುತ್ತೇನೆ. ಹೆಚ್ಚಿನ ದಿನ ಅದರಲ್ಲಿ ಏನೂ ಇರುವುದಿಲ್ಲ.

ಇದ್ದ ದಿನ ಮಾತ್ರ ಮಜಾ ಬೇರೆ. ಶಿರಸಿ ಕಡೆಯ ಒಬ್ಬರು ಗಿಡಮರಗಳ ಬಗ್ಗೆ ಬರೆಯುತ್ತಿದ್ದರು. 2016ಕ್ಕೆ ನಿಲ್ಲಿಸಿದರು. ಐದು ವರ್ಷದ ಮೇಲೆ ಒಂದು ಮಳೆಗಾಲದ ಬೆಳಿಗ್ಗೆ ಅವರ ಹೆಸರಿನ ಮುಂದೆ '1' ಅಂತ ಕಂಡಿತು. ಮನೆಯ ಹಿಂದಿನ ಅಪ್ಪೆಮಿಡಿ ಮರ ಗಾಳಿಗೆ ಬಿತ್ತು ಅಂತ ಬರೆದಿದ್ದರು. ಎಂಟು ಸಾಲು, ಒಂದು ಫೋಟೊ. ಅದರ ಮಿಡಿಯ ಉಪ್ಪಿನಕಾಯಿ ಬಗ್ಗೆ ಅವರು 2011ರಲ್ಲಿ ಬರೆದದ್ದು ನನಗೆ ನೆನಪಿತ್ತು. ಮೈಸೂರು–ಮಂಡ್ಯ ರೈಲಿನಲ್ಲಿ ನಿಂತುಕೊಂಡೇ ಒಂದು ಕಾಮೆಂಟ್ ಹಾಕಿದೆ. ನನಗಿಂತ ಮೊದಲೇ ಅಲ್ಲಿ ಮೂರು ಕಾಮೆಂಟ್ ಇದ್ದವು. ಬೇರೆಯವರೂ ನನ್ನ ಹಾಗೆಯೇ ಫೀಡ್ ಇಟ್ಟುಕೊಂಡು ಕಾಯುತ್ತಿದ್ದರು ಅಂತ ಕಾಣುತ್ತದೆ.

ಶುರು ಮಾಡುವುದು ಹೇಗೆ ಅಂತ ಕೇಳುವವರಿಗೆ: ಖಾತೆ ತೆರೆದು, ಬ್ಲಾಗಿನ ವಿಳಾಸವನ್ನು ನಕಲು ಮಾಡಿ ಸೇರಿಸುವ ಜಾಗದಲ್ಲಿ ಅಂಟಿಸಿ. ಹೆಚ್ಚಿನ ಸಲ ರೀಡರೇ ಫೀಡನ್ನು ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ಸ್ವಲ್ಪ ಕೈಹಾಕಬೇಕು. ವರ್ಡ್‌ಪ್ರೆಸ್ ತಾಣವಾದರೆ ವಿಳಾಸದ ಕೊನೆಗೆ ಓರೆಗೆರೆ (/) ಹಾಕಿ, ಇಂಗ್ಲಿಷಿನಲ್ಲಿ ಫೀಡ್ ಅಂತ ಬರೆದರೆ ಸಾಕು. ಬ್ಲಾಗ್‌ಸ್ಪಾಟ್ ಆದರೆ ಫೀಡ್ಸ್, ಪೋಸ್ಟ್ಸ್, ಡಿಫಾಲ್ಟ್ ಅನ್ನುವ ಮೂರು ಪದಗಳನ್ನು ಇದೇ ಕ್ರಮದಲ್ಲಿ, ಓರೆಗೆರೆ ಹಾಕುತ್ತಾ ಬರೆಯಬೇಕು. ಕಿತ್ತಳೆ ಚೌಕದಲ್ಲಿ ಒಂದು ಚುಕ್ಕೆ, ಎರಡು ಕಮಾನು ಇರುವ ಗುರುತನ್ನು ಹುಡುಕುತ್ತಾ ಕೂರಬೇಡಿ. ಬಹಳ ತಾಣಗಳಲ್ಲಿ ಫೀಡ್ ಇರುತ್ತದೆ, ಗುರುತು ಇರುವುದಿಲ್ಲ. ಫೈರ್‌ಫಾಕ್ಸ್ ಬ್ರೌಸರ್ ಕೂಡ 2018ರ ಡಿಸೆಂಬರಿನಲ್ಲಿ ಫೀಡ್ ತೋರಿಸುವ ಸೌಲಭ್ಯವನ್ನು ತೆಗೆದುಹಾಕಿತು.

ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಚಾನೆಲ್ಲಿನ ಲಿಂಕನ್ನೇ ಅಂಟಿಸಿ. ನಾನು ತಾಳಮದ್ದಲೆಯ ಐದಾರು ಚಾನೆಲ್ ಹಾಕಿಕೊಂಡಿದ್ದೇನೆ. ಹೊಸ ಪ್ರಸಂಗ ಬಂದರೆ ಮಾತ್ರ ಕಾಣುತ್ತದೆ. ಅದರ ಪಕ್ಕದಲ್ಲಿ "ಇದನ್ನೂ ನೋಡಿ" ಅಂತ ಕೈಹಿಡಿದು ಎಳೆಯುವವರು ಯಾರೂ ಇರುವುದಿಲ್ಲ.

ಕನ್ನಡ ಓದುವವರಿಗೆ ಕೆಲವು ಬೇರೆಯೇ ತಾಪತ್ರಯಗಳಿವೆ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಬರುವ ಮೊದಲಿನ ಕೆಲವು ಹಳೆಯ ತಾಣಗಳು ತಮ್ಮದೇ ಫಾಂಟ್ ನಂಬಿಕೊಂಡಿದ್ದವು. ರೀಡರಿನಲ್ಲಿ ಆ ಫಾಂಟ್ ಇರುವುದಿಲ್ಲ. ಹಾಗಾಗಿ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಅದಕ್ಕೆ ರೀಡರನ್ನು ಬೈದು ಪ್ರಯೋಜನವಿಲ್ಲ. ಇನ್ನೊಂದು, ಅರ್ಧ ಫೀಡ್. ಕೆಲವರು ಬರಹದ ಮೊದಲ ತುಣುಕು ಮಾತ್ರ ಕಳಿಸುತ್ತಾರೆ. ವರ್ಡ್‌ಪ್ರೆಸ್ ತಾನಾಗಿ ತುಣುಕು ಮಾಡಿದರೆ 55 ಪದಕ್ಕೆ ಕತ್ತರಿಸುತ್ತದೆ. ನಮ್ಮ ಪದಗಳು ಉದ್ದ, ಆದ್ದರಿಂದ ಇಂಗ್ಲಿಷಿನವರಿಗಿಂತ ನಮಗೆ ಸ್ವಲ್ಪ ಜಾಸ್ತಿಯೇ ಸಿಗುತ್ತದೆ ಅನ್ನಿ! ಇನೋರೀಡರಿನಲ್ಲಿ ಪೂರ್ತಿ ಬರಹ ಎಳೆದು ತರುವ ಗುಂಡಿ ಇದೆ. ಆದರೂ ನಾನು ಸಾಮಾನ್ಯವಾಗಿ ಬ್ಲಾಗಿಗೇ ಹೋಗಿ ಓದುತ್ತೇನೆ. ಬರೆದವರಿಗೆ ಒಬ್ಬರು ಬಂದು ಹೋದದ್ದಾದರೂ ಕಾಣಲಿ.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಒಂದಿದೆ. ಬ್ಲಾಗ್ ಬಿಟ್ಟ ನಮ್ಮವರಲ್ಲಿ ಬಹಳ ಮಂದಿ ಈಗ ಫೇಸ್‌ಬುಕ್ಕಿನಲ್ಲಿ ಬರೆಯುತ್ತಾರೆ. ಅಲ್ಲಿ ಫೀಡ್ ಸಿಗುವುದಿಲ್ಲ. ನನ್ನ ಹಳೆಯ ಅರವತ್ತರಲ್ಲಿ ಇಪ್ಪತ್ತು ಮಂದಿಯಾದರೂ ಹೀಗೆ ಕೈಬಿಟ್ಟು ಹೋದರು. ಅದಕ್ಕೆ ಯಾವ ರೀಡರಿನಲ್ಲೂ ಮದ್ದಿಲ್ಲ. ಅವರಲ್ಲಿ ಇಬ್ಬರಿಗೆ, "ಬರೆದದ್ದನ್ನು ಬ್ಲಾಗಿಗೂ ಹಾಕಿ" ಅಂತ ಬರೆದು ಕೇಳಿಕೊಂಡೆ. ಒಬ್ಬರು ಒಪ್ಪಿದರು. ಇನ್ನೊಬ್ಬರು ಲೈಕ್ ಒತ್ತಿ ಸುಮ್ಮನಾದರು.

ತಮಾಷೆಯ ಅಪಾಯವೂ ಇದೆ. ಒಂದು ಕವಿತೆಯ ತಾಣ ಸ್ವಂತ ಡೊಮೇನಿನಲ್ಲಿತ್ತು. ವರ್ಷದ ದುಡ್ಡು ಕಟ್ಟಲು ಮರೆತರೋ, ಬೇಡ ಅಂತ ಬಿಟ್ಟರೋ, ಆ ವಿಳಾಸವನ್ನು ಬೇರೆ ಯಾರೋ ಕೊಂಡುಬಿಟ್ಟರು. ಎರಡು ವರ್ಷ ಮೌನವಾಗಿದ್ದ ಕವಿ ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ಸಲ, ಇಂಗ್ಲಿಷಿನಲ್ಲಿ, ಆನ್‌ಲೈನ್ ಜೂಜಿನ ಬಗ್ಗೆ ಬರೆಯತೊಡಗಿದರು. ಹೀಗಾದರೆ ಫೀಡ್ ತೆಗೆಯದೆ ಬೇರೆ ದಾರಿಯಿಲ್ಲ.

ದುಡ್ಡಿನ ಮಾತಿಗೆ ಬಂದರೆ, ಇನೋರೀಡರಿನ ಉಚಿತ ಖಾತೆಯಲ್ಲಿ 150 ಫೀಡ್ ಇಟ್ಟುಕೊಳ್ಳಬಹುದು. ಜಾಹೀರಾತು ಇರುತ್ತದೆ. ನಾನು ಎರಡು ವರ್ಷ ದುಡ್ಡು ಕೊಟ್ಟು ಬಳಸಿದೆ. ಬೇಡದ್ದನ್ನು ಸೋಸುವ ನಿಯಮಗಳೆಲ್ಲ ಸಿಕ್ಕವು. ಆದರೆ ಸುದ್ದಿಯ ಫೀಡುಗಳೇ ಇಲ್ಲದ ನನಗೆ ಸೋಸಲು ಏನಿತ್ತು? ಮತ್ತೆ ಉಚಿತಕ್ಕೆ ಬಂದೆ. ದಿನವಿಡೀ ನೂರಾರು ತಾಣ ನೋಡುವ ಕೆಲಸ ನಿಮ್ಮದಾದರೆ ಕೊಡಿ, ಉಪಯೋಗವಾಗುತ್ತದೆ.

ಬೇರೆ ರೀಡರುಗಳಲ್ಲಿ ಫೀಡ್ಲಿ ಕೂಡ ಒಳ್ಳೆಯದೇ. 2008ರಿಂದ ಇದೆ, ಉಚಿತಕ್ಕೆ 100 ಫೀಡ್, ನೋಡಲು ಮ್ಯಾಗಜೀನಿನ ಹಾಗೆ ಚೆಂದ. ನ್ಯೂಸ್‌ಬ್ಲರಿನಲ್ಲಿ ಉಚಿತಕ್ಕೆ 64. ಸ್ವಂತ ಸರ್ವರ್ ಇಟ್ಟುಕೊಂಡವರಿಗೆ ಫ್ರೆಶ್‌ಆರ್‌ಎಸ್‌ಎಸ್, ಮಿನಿಫ್ಲಕ್ಸ್ ಇವೆ. ನಾನು ಇನೋರೀಡರಿನಲ್ಲೇ ಉಳಿದದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಸಾಲುಸಾಲಾಗಿ ತಲೆಬರಹ ತೋರಿಸುತ್ತದೆ. ಕಂಪ್ಯೂಟರಿನಲ್ಲಿ 'ಜೆ' ಒತ್ತಿದರೆ ಮುಂದೆ, 'ಕೆ' ಒತ್ತಿದರೆ ಹಿಂದೆ. ಗೂಗಲ್ ರೀಡರ್ ಕಾಲದ ಆ ಅಭ್ಯಾಸ ಬೆರಳಿಗೆ ಅಂಟಿಕೊಂಡಿದೆ.

ಪ್ರತಿ ವರ್ಷ ಯುಗಾದಿಗೆ ಪಟ್ಟಿಯ ಫೈಲನ್ನು ಇಳಿಸಿ ನನಗೇ ಇಮೇಲ್ ಮಾಡಿಕೊಳ್ಳುತ್ತೇನೆ. ಈ ಸಲದ ಫೈಲಿನಲ್ಲಿ 131 ಫೀಡ್ ಇವೆ. ಅದರಲ್ಲಿ ನಲವತ್ತರ ಹತ್ತಿರ ಎರಡು ವರ್ಷದಿಂದ ತುಟಿ ಬಿಚ್ಚಿಲ್ಲ. ಯಾವುದನ್ನೂ ತೆಗೆದಿಲ್ಲ.