ಹಾಳೆ, ಫಾರ್ಮ್, ಕ್ಯುಆರ್: ರೋಬೋಟ್ ಸ್ಪರ್ಧೆಯ ಸ್ಕೌಟಿಂಗ್‌ಗೆ ಯಾವುದು ಮೇಲು?

ಎಫ್‌ಟಿಸಿ (ಫಸ್ಟ್ ಟೆಕ್ ಚಾಲೆಂಜ್) ಎಂಬ ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆಯಲ್ಲಿ ಅರ್ಹತಾ ಪಂದ್ಯಗಳು ಮುಗಿದ ಮೇಲೆ ಮೇಲಿನ ಸ್ಥಾನದಲ್ಲಿರುವ ತಂಡಗಳ ನಾಯಕರನ್ನು ಕರೆದು, ಮುಂದಿನ ಸುತ್ತಿಗೆ ಜೊತೆಗಾರರು ಯಾರು ಎಂದು ಎಲ್ಲರೆದುರು ಕೇಳುತ್ತಾರೆ. ಆಗ ಯೋಚಿಸುತ್ತ ನಿಲ್ಲಲು ಪುರುಸೊತ್ತಿಲ್ಲ. ಉಳಿದ ತಂಡಗಳ ಆಟವನ್ನು ಬೆಳಗಿನಿಂದ ನೋಡಿ ಬರೆದಿಟ್ಟುಕೊಂಡವರಿಗೆ ಹೆಸರು ಬಾಯಲ್ಲೇ ಇರುತ್ತದೆ. ಬರೆಯದವರು ಪರಿಚಯದವರನ್ನೋ, ಚೆಂದದ ಅಂಗಿ ಹಾಕಿದವರನ್ನೋ ಆರಿಸುತ್ತಾರೆ. ಈ ಬರೆದಿಡುವ ಕೆಲಸವೇ ಸ್ಕೌಟಿಂಗ್.

ನಾನು ಶಿರಸಿಯಲ್ಲಿ ಮಕ್ಕಳ ಒಂದು ತಂಡಕ್ಕೆ ಮಾರ್ಗದರ್ಶಕ. ಸ್ಪರ್ಧೆಗೆ ದೂರದೂರಿಗೆ ಹೋಗಬೇಕಾದ್ದರಿಂದ ಅಲ್ಲಿ ಪ್ರಯೋಗ ಮಾಡುತ್ತ ಕೂರುವುದು ದುಬಾರಿ. ಹಾಗಾಗಿ ಹಳೆಯ ಪಂದ್ಯಗಳ ವಿಡಿಯೊಗಳನ್ನು ಗೋಡೆಯ ಮೇಲೆ ಓಡಿಸಿ, ಮಕ್ಕಳ ಕೈಗೆ ಬೇರೆ ಬೇರೆ ಸಾಧನ ಕೊಟ್ಟು ಬರೆಸಿ ನೋಡಿದೆವು. ಆಮೇಲೆ ಅವನ್ನೇ ನಿಜವಾದ ಸ್ಪರ್ಧೆಗೂ ಒಯ್ದೆವು. ನನ್ನ ಅಳತೆಗೋಲು ಒಂದೇ: ಬರೆಯುವವರ ಕಣ್ಣು ಎಷ್ಟು ಹೊತ್ತು ಅಂಗಳದಿಂದ ಆಚೆ ಹೋಗುತ್ತದೆ? 12 ಅಡಿ ಚೌಕದಲ್ಲಿ ನಾಲ್ಕು ರೋಬೋಟ್, ಎರಡು ತಂಡಗಳ ಒಂದು ಜೋಡಿ ಇನ್ನೊಂದು ಜೋಡಿಗೆ ಎದುರು. ಮೊದಲ 30 ಸೆಕೆಂಡ್ ಅವು ತಾವಾಗಿಯೇ ಓಡುತ್ತವೆ, ನಂತರದ ಎರಡು ನಿಮಿಷ ಚಾಲಕರ ಕೈಯಲ್ಲಿ. ತಲೆ ತಗ್ಗಿಸಿ ಎತ್ತುವಷ್ಟರಲ್ಲಿ ಒಂದು ಅಂಕ ಕೈತಪ್ಪಿರುತ್ತದೆ.

ಗೂಗಲ್ ಫಾರ್ಮ್ ಎಲ್ಲರೂ ಮೊದಲು ಹಿಡಿಯುವ ದಾರಿ. ಹಣ ಬೇಡ, ಅರ್ಧ ಗಂಟೆಯಲ್ಲಿ ಸಿದ್ಧ, ಉತ್ತರಗಳು ತಾವಾಗಿಯೇ ಪಟ್ಟಿಗೆ ಸೇರುತ್ತವೆ. ನಮ್ಮ ಕೋಣೆಯ ವೈಫೈಯಲ್ಲಿ ಅದು ರಾಜ. ಸ್ಪರ್ಧೆಯ ಸಭಾಂಗಣದಲ್ಲಿ ಹಾಗಲ್ಲ. ನೂರಾರು ಜನ ಸೇರಿದ ಕಟ್ಟಡದೊಳಗೆ ಮೊಬೈಲ್ ಸಿಗ್ನಲ್ ಸೋಲುತ್ತದೆ, ‘ಸಲ್ಲಿಸಿ’ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತದೆ. ನಮ್ಮದೇ ಹಾಟ್‌ಸ್ಪಾಟ್ ಹಾಕೋಣವೆಂದರೆ ನಿಯಮ ಬಿಡುವುದಿಲ್ಲ: ರೋಬೋಟ್‌ಗಳು ಚಾಲಕರ ಜೊತೆ ಮಾತಾಡುವುದೂ ವೈಫೈಯಲ್ಲೇ, ಆದ್ದರಿಂದ ತಂಡಗಳು ಸ್ಥಳದಲ್ಲಿ ಸ್ವಂತ ವೈಫೈ ಹಚ್ಚುವಂತಿಲ್ಲ. ಸರಿಯಾದ ನಿಯಮವೇ. ಜೊತೆಗೆ ಫಾರ್ಮ್‌ನಲ್ಲಿ ಎಣಿಕೆಗೆ ಅನುಕೂಲವಿಲ್ಲ. ಮನಸ್ಸಿನಲ್ಲೇ ಲೆಕ್ಕ ಇಟ್ಟುಕೊಂಡು ಕೊನೆಗೆ ತುಂಬಬೇಕು. ಇದನ್ನು ನಾನು ಬಿಟ್ಟೇ ಬಿಟ್ಟಿದ್ದೇನೆ.

ಕಾಗದದ ಹಾಳೆಯ ಬಗ್ಗೆ ಮಕ್ಕಳಿಗೆ ಗೌರವವಿರಲಿಲ್ಲ. ‘ಸರ್, ರೋಬೋಟ್ ಸ್ಪರ್ಧೆಗೆ ಪೆನ್ಸಿಲ್ಲೇ?’ ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನಕ್ಕಳು. ಆದರೆ ಅವಳ ಹಾಳೆಯೇ ಎಲ್ಲರದಕ್ಕಿಂತ ನಿಖರವಾಗಿತ್ತು. ಕಾರಣ ಸರಳ: ಎಡಗೈ ಹೆಬ್ಬೆರಳನ್ನು ಸಾಲಿನ ಮೇಲೆ ಇಟ್ಟುಕೊಂಡರೆ ಬಲಗೈ ನೋಡದೆಯೇ ಗೀಟು ಎಳೆಯುತ್ತದೆ. 2024–25ರ ‘ಇನ್‌ಟು ದ ಡೀಪ್’ ಆಟದಲ್ಲಿ ರೋಬೋಟ್‌ಗಳು ಸಣ್ಣ ತುಂಡುಗಳನ್ನು ಬುಟ್ಟಿಗೆ ಹಾಕಬೇಕು ಇಲ್ಲವೇ ಸರಳಿಗೆ ಸಿಕ್ಕಿಸಬೇಕು. ಅದಕ್ಕೆ ನಾವು ಮಾಡಿದ ಹಾಳೆ ಎ4ರ ಅರ್ಧ. ದೊಡ್ಡ ಚೌಕಗಳು ನಾಲ್ಕೇ: ಮೇಲಿನ ಬುಟ್ಟಿ, ಕೆಳಗಿನ ಬುಟ್ಟಿ, ಮೇಲಿನ ಸರಳು, ಕೆಳಗಿನ ಸರಳು. ಪಕ್ಕದಲ್ಲಿ ಕೊನೆಗೆ ರೋಬೋಟ್ ಎಲ್ಲಿಯವರೆಗೆ ಹತ್ತಿತು ಎನ್ನುವುದಕ್ಕೆ ಸೊನ್ನೆಯಿಂದ ಮೂರರವರೆಗಿನ ಅಂಕಿಗಳು, ಸುತ್ತು ಹಾಕಿದರೆ ಸಾಕು. ಅಡಿಯಲ್ಲಿ ಮಾತಿಗೆ ಒಂದು ಸಾಲು. ಮೊದಲ ಕರಡಿನಲ್ಲಿ ಪ್ರಶ್ನೆಗಳು ಇದಕ್ಕಿಂತ ಎಷ್ಟೋ ಹೆಚ್ಚಿದ್ದವು. ಅರ್ಧಕ್ಕರ್ಧವನ್ನು ಯಾರೂ ತುಂಬುತ್ತಿರಲಿಲ್ಲ, ತುಂಬಿದ್ದನ್ನು ಯಾರೂ ಓದುತ್ತಿರಲಿಲ್ಲ. ಇನ್ನೊಂದು ಮಾತು: ಪೆನ್ಸಿಲ್ ಎಂದರೆ ಪೆನ್ಸಿಲ್ಲೇ. ನಮ್ಮ ಕಡೆಯ ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದು ಮೆತ್ತಗಾಗುತ್ತದೆ, ಬಾಲ್ ಪೆನ್ ಅಲ್ಲಲ್ಲಿ ತಪ್ಪುತ್ತದೆ.

ಹಾಳೆಯ ಸೋಲು ಪಂದ್ಯ ಮುಗಿದ ಮೇಲೆ. ಊಟದ ಹೊತ್ತಿಗೆ ಕಟ್ಟು ದಪ್ಪವಾಗಿರುತ್ತದೆ, ಅದನ್ನೆಲ್ಲ ಲ್ಯಾಪ್‌ಟಾಪಿಗೆ ಏರಿಸುವುದು ಒಬ್ಬರ ಕರ್ಮ. ಆ ಒಬ್ಬರು ಆಟವನ್ನೇ ನೋಡುವುದಿಲ್ಲ.

ಇಲ್ಲಿ ಕ್ಯುಆರ್ ಕೈಹಿಡಿಯುತ್ತದೆ. ‘ಕ್ಯುಆರ್‌ಸ್ಕೌಟ್’ನಂಥ ಜಾಲಪುಟಗಳಲ್ಲಿ ಗುಂಡಿ ಒತ್ತಿ ಎಣಿಸುತ್ತ ಹೋದರೆ ಪಂದ್ಯದ ಕೊನೆಗೆ ಫೋನಿನ ಪರದೆಯ ಮೇಲೆ ಒಂದು ಕ್ಯುಆರ್ ಚಿತ್ರ ಮೂಡುತ್ತದೆ, ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ತೋರಿಸಿದರೆ ಇಡೀ ಸಾಲು ಒಳಗೆ ಬರುತ್ತದೆ. ವಿವರ ದಾಟಿಸಲು ನೆಟ್‌ವರ್ಕ್ ಬೇಡ. ಅತಿ ದೊಡ್ಡ ಕ್ಯುಆರ್‌ನಲ್ಲಿ 4,296 ಇಂಗ್ಲಿಷ್ ದೊಡ್ಡಕ್ಷರ ಮತ್ತು ಅಂಕಿಗಳು ಹಿಡಿಯುತ್ತವೆ. ನಮಗೆ ಬೇಕಾದದ್ದು ಅದರ ಒಂದು ಚೂರು. ಎರಡು ಬಾರಿ ತೋರಿಸಿದರೆ ಎರಡು ಸಾಲು ಸೇರುತ್ತವೆ, ಆದ್ದರಿಂದ ಪಂದ್ಯದ ಸಂಖ್ಯೆ ಮತ್ತು ತಂಡದ ಸಂಖ್ಯೆ ಎರಡೂ ಒಂದೇ ಆಗಿರುವ ಸಾಲುಗಳನ್ನು ಆಗಾಗ ಅಳಿಸಬೇಕು. ಅಷ್ಟೇ ತೊಂದರೆಯಾಗಿದ್ದರೆ ನಾನು ಕ್ಯುಆರ್‌ಗೇ ಪಟ್ಟ ಕಟ್ಟುತ್ತಿದ್ದೆ. ಆದರೆ ಗಾಜಿನ ಮೇಲೆ ಬೆರಳಿಗೆ ಗುಂಡಿ ತಿಳಿಯುವುದಿಲ್ಲ, ನೋಡಿಯೇ ಒತ್ತಬೇಕು. ಅಲ್ಲದೆ ಅಮ್ಮನ ಫೋನ್ ತಂದವರಿಗೆ ಪಂದ್ಯದ ನಡುವೆಯೇ ಅಜ್ಜಿಯ ಕರೆ ಬರುತ್ತದೆ.

ಈಗ ನಾವು ಎರಡನ್ನೂ ಕೂಡಿಸಿದ್ದೇವೆ. ಪಂದ್ಯ ನಡೆಯುವಾಗ ಹಾಳೆ, ಮುಗಿದ ಮೇಲಿನ ಬಿಡುವಿನಲ್ಲಿ ಅದೇ ಮಗು ತನ್ನ ಗೀಟುಗಳನ್ನು ಫೋನಿಗೆ ಏರಿಸಿ ಕ್ಯುಆರ್ ತೋರಿಸುವುದು. ಎರಡು ಸಲ ಬರೆಯುವ ಕೆಲಸ, ನಿಜ. ಆದರೆ ಬರೆದವರೇ ಏರಿಸುವುದರಿಂದ ‘ಇದು ಏಳೋ ಒಂದೋ’ ಎಂಬ ತಗಾದೆ ಇಲ್ಲ.

ಯಾರನ್ನೂ ಕೂರಿಸದೆ ಲೆಕ್ಕ ಸಿಗುವ ದಾರಿಯೂ ಇದೆ. ‘ಎಫ್‌ಟಿಸಿ ಸ್ಕೌಟ್’ ಜಾಲತಾಣದಲ್ಲಿ ಪ್ರತಿ ತಂಡದ ಎದುರು ಒಪಿಆರ್ (ಆಫೆನ್ಸಿವ್ ಪವರ್ ರೇಟಿಂಗ್) ಎಂಬ ಅಂಕೆ ಸಿಗುತ್ತದೆ. ಜೋಡಿಯ ಅಂಕವೆಂದರೆ ಇಬ್ಬರ ಕೊಡುಗೆಯ ಮೊತ್ತ ಎಂದು ಹಿಡಿದು, ಎಲ್ಲ ಪಂದ್ಯಗಳಿಂದ ಒಬ್ಬೊಬ್ಬರ ಪಾಲನ್ನು ಬಿಡಿಸುವ ಗಣಿತ ಅದು. ಗಣಿತ ಚೆನ್ನಾಗಿದೆ, ಪಂದ್ಯಗಳು ಸಾಲುವುದಿಲ್ಲ. 24 ತಂಡಗಳಿವೆ ಎನ್ನಿ. ತಲಾ ಎರಡು ಪಂದ್ಯ ಮುಗಿದಾಗ ಆಗಿರುವುದು 12 ಪಂದ್ಯ, ಅಂದರೆ ಜೋಡಿಗಳ 24 ಅಂಕಗಳು. ಬಿಡಿಸಬೇಕಾದ ಅಜ್ಞಾತಗಳೂ 24. ಒಂದು ರೋಬೋಟಿನ ತಂತಿ ಕಳಚಿದರೂ ಅದರ ಜೊತೆಗಾರನ ಅಂಕೆ ಅಡ್ಡಾದಿಡ್ಡಿಯಾಗುತ್ತದೆ. ತಲಾ ಆರು ಪಂದ್ಯ ಮುಗಿದ ಮೇಲೆ 72 ಅಂಕಗಳು ಸಿಕ್ಕಿ ಸ್ವಲ್ಪ ಸ್ಥಿರವಾಗುತ್ತದೆ, ಆದರೆ ಅಷ್ಟರಲ್ಲಿ ಆಯ್ಕೆಯ ಹೊತ್ತು ಬಂದಿರುತ್ತದೆ.

ಅದಕ್ಕಿಂತ ದೊಡ್ಡ ಕೊರತೆ ಬೇರೆ. ‘ಇನ್‌ಟು ದ ಡೀಪ್’ನಲ್ಲಿ ಮೇಲಿನ ಬುಟ್ಟಿಗೆ ಹಾಕಿದರೆ 8 ಅಂಕ, ಮೇಲಿನ ಸರಳಿಗೆ ಸಿಕ್ಕಿಸಿದರೆ 10. ಬುಟ್ಟಿಗಳು ಜೋಡಿಗೆ ಒಂದೇ ಮೂಲೆಯಲ್ಲಿ. ಇಬ್ಬರು ಬುಟ್ಟಿವೀರರು ಜೊತೆಯಾದರೆ ಆ ಮೂಲೆಯಲ್ಲಿ ಒಬ್ಬರಿಗೊಬ್ಬರು ಅಡ್ಡ. ಒಪಿಆರ್ ಎಷ್ಟು ಎಂದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಶಿರಸಿಯ ಅಡಿಕೆ ಪೇಟೆಯಲ್ಲಿ ಚೀಲದ ಮೇಲಿನ ಹೆಸರು ನೋಡಿ ಯಾರೂ ದರ ಬರೆಯುವುದಿಲ್ಲ, ಹಿಡಿ ಅಡಿಕೆ ತೆಗೆದು ನೋಡುತ್ತಾರೆ. ನಮ್ಮ ಹಾಳೆ ಆ ಹಿಡಿ. ಹಾಗೆಂದು ಒಪಿಆರ್ ಬೇಡವೆನ್ನುವುದಿಲ್ಲ. ನಮ್ಮ ಎಣಿಕೆಗೂ ಅದಕ್ಕೂ ತೀರಾ ಅಂತರ ಕಂಡರೆ ಆ ತಂಡದ ಮುಂದಿನ ಪಂದ್ಯಕ್ಕೆ ಇಬ್ಬರನ್ನು ಕೂರಿಸುತ್ತೇನೆ.

ಇನ್ನು ಹಂಚಿಕೊಳ್ಳುವ ವಿಚಾರ. ನಮ್ಮದು ಏಳು ಮಕ್ಕಳ ತಂಡ. ನಮ್ಮ ಪಂದ್ಯವಿದ್ದಾಗ ಇಬ್ಬರು ಚಾಲಕರು, ಒಬ್ಬ ಸೂಚಕ, ಒಬ್ಬ ಸಾಮಗ್ರಿ ಕೊಡುವವನು ಹೀಗೆ ನಾಲ್ವರು ಅಂಗಳದಲ್ಲಿ. ಉಳಿದವರು ಮೂವರು, ನಮ್ಮದೂ ಸೇರಿ ನೋಡಬೇಕಾದ ರೋಬೋಟ್ ನಾಲ್ಕು. ಕಾರವಾರದ ಒಂದು ತಂಡದ್ದೂ ಇದೇ ಗೋಳು, ಹಾಗಾಗಿ ಒಟ್ಟಾದೆವು. ವಾಟ್ಸಾಪಿನಲ್ಲಿ ಹಾಳೆಯ ಫೋಟೊ ಕಳಿಸುವುದು ಕೆಲಸಕ್ಕೆ ಬರಲಿಲ್ಲ: ಸಾಲುಗಟ್ಟಿ ಬಂದ ಫೋಟೊಗಳಲ್ಲಿ ಯಾವುದು ಯಾವ ಪಂದ್ಯದ್ದೆಂದು ಹುಡುಕುವುದರಲ್ಲೇ ಹೊತ್ತು ಹೋಯಿತು. ಇಬ್ಬರೂ ಒಂದೇ ಹಾಳೆ ಬಳಸಿ, ಅವರ ಕ್ಯುಆರನ್ನೂ ನಮ್ಮ ಲ್ಯಾಪ್‌ಟಾಪಿಗೆ ತೋರಿಸಿ, ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಕೊಡುವುದು ಸಲೀಸು. ಮೊದಲೇ ತೀರ್ಮಾನಿಸಬೇಕಾದ್ದು ಎಣಿಕೆಯ ಅರ್ಥ. ಸರಳಿಗೆ ಸಿಕ್ಕಿಸಿದ್ದು ಮರುಕ್ಷಣ ಬಿದ್ದರೆ ಗೀಟು ಹಾಕಬೇಕೇ? ನಾವು ಹಾಕುತ್ತಿರಲಿಲ್ಲ, ಅವರು ಹಾಕುತ್ತಿದ್ದರು.

ಅಂಕಿಗಳನ್ನು ಕೇಳಿದ ಯಾರಿಗೇ ಆದರೂ ಕೊಡುತ್ತೇವೆ. ಅಡಿಯ ಸಾಲಿನ ಮಾತುಗಳನ್ನು ಕೊಡುವುದಿಲ್ಲ. ‘ಚಾಲಕನಿಗೆ ಗಾಬರಿ ಜಾಸ್ತಿ’ ಎಂದು ಬರೆದದ್ದು ಆ ಹುಡುಗನ ಕೈಗೇ ಸಿಕ್ಕರೆ ಚೆನ್ನಾಗಿರುವುದಿಲ್ಲ. ಯಾರನ್ನು ಆರಿಸಬೇಕೆಂಬ ಪಟ್ಟಿಯನ್ನೂ ಹಂಚೋಣ ಎನ್ನುವುದು ಕಾರವಾರದ ಮಾರ್ಗದರ್ಶಕಿಯ ಹಠ. ಅದು ಮಾತ್ರ ಆಯಾ ತಂಡದ್ದೇ ಇರಲಿ ಎನ್ನುವುದು ನನ್ನದು, ಏಕೆಂದರೆ ಆರಿಸುವಾಗ ನಾವಿಬ್ಬರೂ ಎದುರಾಳಿಗಳೇ. ಸೆಪ್ಟೆಂಬರ್‌ನಲ್ಲಿ ಆ ವರ್ಷದ ಹೊಸ ಆಟ ಪ್ರಕಟವಾದ ಮೇಲೆ ಎರಡೂ ತಂಡದವರು ಕುಮಟೆಯಲ್ಲಿ ಸೇರಿ ಹೊಸ ಹಾಳೆಯ ಕರಡು ಮಾಡುತ್ತೇವೆ. ನಾವು ದೇವಿಮನೆ ಘಟ್ಟ ಇಳಿದರೆ, ಅವರು ಅಂಕೋಲೆ ದಾಟಿ ಬಂದರೆ, ಇಬ್ಬರಿಗೂ ಹೆಚ್ಚುಕಡಿಮೆ ಅದೇ ನಡುದಾರಿ.