ಮದುವೆ ಫೋಟೊಗಳ ಮೈಬಣ್ಣಕ್ಕೆ ಲೈಟ್‌ರೂಮ್ ಕ್ಲಾಸಿಕ್: ಆರು ವರ್ಷ ಬಳಸಿದ ಮೇಲೆ

ಮದುವೆ ಫೋಟೊ ತೆಗೆದು ಎಡಿಟ್ ಮಾಡುವುದೇ ನನ್ನ ಕೆಲಸ. ಅದಕ್ಕೆ ಬಳಸುವ ಅಡೋಬಿ ಕಂಪನಿಯ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್ ಬಗ್ಗೆ ಹೇಳಬೇಕಾದ್ದು ಬೇಕಾದಷ್ಟಿದೆ. ಇಲ್ಲಿ ಮೈಬಣ್ಣದ ಬಗ್ಗೆ ಮಾತ್ರ ಬರೆಯುತ್ತೇನೆ.

ನಮ್ಮ ಮದುವೆಗಳ ಬೆಳಕು ಗೊತ್ತಲ್ವಾ? ಕೆಂಪು ಶಾಮಿಯಾನದ ಕೆಳಗೆ ಎಲ್ಲರ ಮುಖವೂ ಕೆಂಪು. ಛತ್ರದ ಒಳಗೆ ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ನೀಲಿ ಎಲ್‌ಇಡಿ. ಹಸಿರು ರೇಷ್ಮೆ ಸೀರೆಯ ಛಾಯೆ ಗದ್ದದ ಕೆಳಗೆ ಬಿದ್ದಿರುತ್ತದೆ.

ಮೊದಮೊದಲು ನಾನೂ ಒಂದೊಂದು ಬಣ್ಣವನ್ನೂ ಬೇರೆಯಾಗಿ ತಿದ್ದುವ ಎಚ್‌ಎಸ್‌ಎಲ್‌ನಲ್ಲಿ ಆರೆಂಜ್ ಲ್ಯೂಮಿನನ್ಸ್ (ಕಿತ್ತಳೆ ಬಣ್ಣದ ಹೊಳಪು) ಏರಿಸಿ ಮುಖ ಬೆಳಗಿಸುತ್ತಿದ್ದೆ. ಆದರೆ ಚರ್ಮದ ಬಣ್ಣ ಸೇರುವ ಆ ಕಿತ್ತಳೆಯಲ್ಲೇ ಚಿನ್ನವೂ ಇದೆ, ಪಕ್ಕದಲ್ಲೇ ಅರಿಶಿನ. ಮುಖ ಬೆಳಗಿಸಿದರೆ ಕಾಸಿನ ಸರ ಪೇಲವವಾಗುತ್ತದೆ. ಒಂದು ಅರಿಶಿನ ಶಾಸ್ತ್ರದ ಫೋಟೊದಲ್ಲಿ ಹುಡುಗಿಯ ಕೆನ್ನೆಗೆ ಹಚ್ಚಿದ್ದ ಅರಿಶಿನವೇ ಮಾಸಿಹೋಗಿತ್ತು. "ಅರಿಶಿನ ಎಲ್ಲಪ್ಪಾ? ಇದು ನಮ್ ಹುಡುಗಿ ಮುಖ ಅಲ್ಲ" ಅಂದರು ಅವಳ ಅಜ್ಜಿ. ಅವತ್ತಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು.

2022ರ ಅಕ್ಟೋಬರ್‌ನಲ್ಲಿ ಜನರನ್ನು ಗುರುತಿಸುವ ಮಾಸ್ಕ್ (ಫೋಟೊದ ಒಂದು ಭಾಗವನ್ನಷ್ಟೇ ಆರಿಸಿ ತಿದ್ದುವ ಸೌಲಭ್ಯ) ಬಂತು. ಮುಖದ ಚರ್ಮ, ಮೈ ಚರ್ಮ, ತುಟಿ, ಹಲ್ಲು, ಕೂದಲು, ಎಲ್ಲವನ್ನೂ ಬೇರೆಬೇರೆ ಆರಿಸಬಹುದು. ಮರುವರ್ಷ, ಫೋಟೊದಿಂದಲೇ ಒಂದು ಬಣ್ಣ ಆರಿಸಿ ಅದನ್ನಷ್ಟೇ ತಿದ್ದುವ ಪಾಯಿಂಟ್ ಕಲರ್ ಬಂತು. ಇವೆರಡೂ ಸೇರಿದ ಮೇಲೆ ಒಡವೆ ಮುಟ್ಟದೆ ಕೆನ್ನೆ ಮಾತ್ರ ಸರಿಮಾಡಲು ಸಾಧ್ಯವಾಯಿತು.

ಈಗ ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗೇ ಕಾಣುವಂತೆ ಬೆಳಕಿನ ಬಣ್ಣ ಸರಿಮಾಡುವುದು. ವರನ ಬಿಳಿ ಪಂಚೆ ಮೇಲೆ ಡ್ರಾಪರ್ (ಇದಕ್ಕಾಗಿ ಬಣ್ಣ ಆರಿಸುವ ಉಪಕರಣ) ಒತ್ತುವ ಆಸೆ ಆಗುತ್ತದೆ, ಒತ್ತಬೇಡಿ. ನೀಲಿ ಹಾಕಿ ಒಗೆದ ಪಂಚೆಯಾದರೆ ಮುಖಗಳೆಲ್ಲ ಹಳದಿಗೆ ತಿರುಗುತ್ತವೆ. ಬೆಳಕು ಬದಲಾದಾಗಲೆಲ್ಲ ಗ್ರೇ ಕಾರ್ಡ್ (ಬೂದು ಬಣ್ಣದ ಕಾರ್ಡ್) ಹಿಡಿಸಿ ಒಂದು ಶಾಟ್ ತೆಗೆದುಕೊಳ್ಳಿ, ಡ್ರಾಪರ್ ಅದರ ಮೇಲೆ ಒತ್ತಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಆಮೇಲೆ ಮೇಕಪ್. ಫೌಂಡೇಶನ್‌ನಿಂದ ಮುಖ ಗುಲಾಬಿ, ಕತ್ತು ಮತ್ತು ಕೈ ಗೋಧಿ ಬಣ್ಣ. ಧಾರೆಯ ಹೊತ್ತಲ್ಲಿ ಕೈ, ಮುಖ ಎರಡೂ ಒಂದೇ ಫ್ರೇಮಿನಲ್ಲಿ ಬಂದಾಗ ಇದು ಎದ್ದು ಕಾಣುತ್ತದೆ. ಮುಖದ ಮಾಸ್ಕ್ ಹಾಕಿ, ಪಾಯಿಂಟ್ ಕಲರ್‌ನಲ್ಲಿ ಕೆನ್ನೆಯ ಬಣ್ಣ ಆರಿಸಿ, ಹ್ಯೂ (ಛಾಯೆ) ಒಂಚೂರು ಹಳದಿ ಕಡೆಗೆ ಸರಿಸುತ್ತೇನೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಸ್ವಲ್ಪ ಇಳಿಸುತ್ತೇನೆ. ಮುಖವನ್ನು ಕೈಗೆ ಹೊಂದಿಸಬೇಕು, ಕೈಯನ್ನು ಮುಖಕ್ಕಲ್ಲ. ಆ ಹುಡುಗಿಯ ನಿಜವಾದ ಬಣ್ಣ ಇರುವುದು ಕೈಯಲ್ಲಿ. ನುಣುಪಿಗೆ ಟೆಕ್ಸ್ಚರ್ ಮೈನಸ್ 10ರಿಂದ 15 ಸಾಕು. ಅದಕ್ಕಿಂತ ಜಾಸ್ತಿ ಇಳಿಸಿದರೆ ಮುಖ ಮೇಣದ ಬೊಂಬೆಯಂತಾಗುತ್ತದೆ.

"ಸ್ವಲ್ಪ ಬೆಳ್ಳಗೆ ಮಾಡಿ ಸರ್" ಅನ್ನುವವರು ಈಗಲೂ ಇದ್ದಾರೆ. ಅವರಿಗೆ ಮುಖದ ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಕಾಲು ಸ್ಟಾಪ್‌ನಷ್ಟು, ಅಂದರೆ 0.25, ಏರಿಸಿದ ಫೋಟೊ ತೋರಿಸುತ್ತೇನೆ. ಬೆಳಕು ಬಂದಿರುತ್ತದೆ, ಬಣ್ಣ ಹಾಗೇ ಇರುತ್ತದೆ. ಬಹಳಷ್ಟು ಜನ ಅದನ್ನೇ ಒಪ್ಪುತ್ತಾರೆ. ಕಪ್ಪು ಮೈಬಣ್ಣವನ್ನು ತಪ್ಪು ಅನ್ನುವಂತೆ ತಿದ್ದುವುದು ನನಗೆ ಸುತರಾಂ ಇಷ್ಟವಿಲ್ಲ.

ಖರ್ಚಿನ ವಿಷಯ: ಇದು ಚಂದಾ ಕಟ್ಟಿ ಬಳಸುವ ಸಾಫ್ಟ್‌ವೇರ್. ವರ್ಷಕ್ಕೆ ನಾಲ್ಕೈದು ಫಂಕ್ಷನ್ ಮಾಡುವವರು ಮೊದಲು ಡಾರ್ಕ್‌ಟೇಬಲ್ ನೋಡಲಿ. ಅದು ಉಚಿತ, ಮಾಸ್ಕ್‌ಗಳೂ ಇವೆ. ಇನ್ನು, ನಲವತ್ತು ಜನರ ಗುಂಪು ಫೋಟೊಗೆ ಒಬ್ಬೊಬ್ಬರ ಮಾಸ್ಕ್ ಮಾಡುತ್ತ ಕೂರಬೇಡಿ. ವೈಟ್ ಬ್ಯಾಲೆನ್ಸ್ ಸರಿಮಾಡಿ ಬಿಟ್ಟುಬಿಡಿ. ಮಾಸ್ಕ್ ಹಾಕಿದ ಕಡೆ ಮೂಗುತಿ, ಬೈತಲೆ ಸುತ್ತ ಅಂಚು ಸರಿಯಾಗಿದೆಯೇ ಎಂದು ಜೂಮ್ ಮಾಡಿ ಒಮ್ಮೆ ನೋಡಿ. ಆಲ್ಬಂಗೆ ಕಳಿಸುವ ಮುಂಚೆ ಒಂದೇ ಒಂದು ಪುಟದ ಸ್ಯಾಂಪಲ್ ಪ್ರಿಂಟ್ ತರಿಸಿಕೊಂಡು, ಹಗಲು ಬೆಳಕಿನಲ್ಲಿ ಕಿಟಕಿ ಪಕ್ಕ ಹಿಡಿದು ನೋಡಿ.